ನಾಯಿಗೆ ಕೆಲಸವಿತ್ತು

‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ’ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಗಂಟೆ ಬಾರಿಸಿದ ಮೇಲೂ ಜಗಲಿಯಲ್ಲಿ ಸುಳಿದಾಡುವ ಹುಡುಗರನ್ನು ಕಂಡರೆ ಅದು ತಾನಾಗಿಯೇ ಬಾಯಿಗೆ ಬರುತ್ತಿತ್ತು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗನೊಬ್ಬ ಹಾಗೆ ಬೈಸಿಕೊಂಡು ಸುಮ್ಮನೆ ಕೂರಲಿಲ್ಲ. ಎದ್ದು ನಿಂತು, ‘ಟೀಚರ್, ನಮ್ಮ ನಾಯಿಗೆ ಕೆಲಸ ಉಂಟು. ದಿನಾ ದನದ ಜೊತೆ ಹೋಗ್ತದೆ’ ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬರುವಾಗ ಆ ನಗು ಉಳಿಯಲಿಲ್ಲ. ಹುಡುಗ ಹೇಳಿದ್ದು ನಿಜ. ಅದು ನನಗೂ ಗೊತ್ತಿದ್ದ ನಿಜ. ಗೊತ್ತಿದ್ದೂ ಮರೆತಿದ್ದೆ.

ನನ್ನ ತವರುಮನೆ ದಕ್ಷಿಣ ಕೊಡಗಿನ ಕಾಡಂಚಿನಲ್ಲಿದೆ. ನಾನು ಚಿಕ್ಕವಳಾಗಿದ್ದಾಗ ಕೊಟ್ಟಿಗೆಯಲ್ಲಿ ಹದಿನಾಲ್ಕು ಹದಿನೈದು ದನಗಳಿದ್ದವು. ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆಂದು ಸಾಕಿದ ಗಿಡ್ಡ ಜಾತಿಯ ದನಗಳು. ಬೆಳಿಗ್ಗೆ ಬಿಟ್ಟರೆ ಮನೆಯ ಹಿಂದಿನ ಬಾಣೆಯಲ್ಲಿ ಮೇದು ಸಂಜೆ ಮರಳುತ್ತಿದ್ದವು. ಅವುಗಳ ಹಿಂದೆ ಎರವರ ಹಿರಿಯರೊಬ್ಬರು. ಅವರ ಹಿಂದೆಯೋ ಮುಂದೆಯೋ ನಮ್ಮ ಕರಿಯ. ಆ ಹಿರಿಯರನ್ನು ನಾವು ಮಕ್ಕಳೆಲ್ಲ ತಾತ ಎಂದೇ ಕರೆಯುತ್ತಿದ್ದೆವು. ಕರಿಯ ಯಾವ ಜಾತಿಯ ನಾಯಿಯೂ ಅಲ್ಲ. ಊರ ನಾಯಿ. ನಮ್ಮ ಮನೆಯಲ್ಲಿ ಕಪ್ಪು ಮರಿ ಬಂದಾಗಲೆಲ್ಲ ಅದಕ್ಕೆ ಕರಿಯನೆಂದೇ ಹೆಸರು. ಹೀಗಾಗಿ ನಾನು ಕಂಡ ಕರಿಯಂದಿರು ಮೂವರು.

ಕರಿಯ ಮರಿಯಾಗಿದ್ದಾಗ ತಾತ ಅದನ್ನು ಅಡಿಗೆಮನೆಯ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ, ಕರುಗಳನ್ನು ಕಟ್ಟುವ ಕಡೆ, ಒಂದು ಹರಕು ಗೋಣಿಚೀಲ ಹಾಸಿ ಅಲ್ಲೇ ಮಲಗಿಸುತ್ತಿದ್ದರು. ಅನ್ನ ಹಾಲು ಕೊಡುವುದೂ ಅಲ್ಲೇ. ನಾನು ಮರಿಯನ್ನು ಎತ್ತಿಕೊಂಡು ಒಲೆಯ ಹತ್ತಿರ ತಂದರೆ ಬೈಯುತ್ತಿದ್ದರು. ‘ಒಲೆ ಬೆಂಕಿ ರುಚಿ ಕಂಡ ನಾಯಿ ಕೊಟ್ಟಿಗೆಗೆ ಆಗೂದಿಲ್ಲ ಮಗಾ’ ಎನ್ನುತ್ತಿದ್ದರು. ಕರು ನೆಕ್ಕಿ ನೆಕ್ಕಿ ಮರಿಯ ಮೈ ಒದ್ದೆಯಾಗುತ್ತಿತ್ತು. ಮರಿ ಕರುವಿನ ಬಾಲ ಹಿಡಿದು ಎಳೆದರೆ ತಾಯಿ ಹಸು ಒಂದು ಸಲ ಕೊಂಬು ತೋರಿಸುತ್ತಿತ್ತು, ಎರಡನೆಯ ಸಲ ಎಳೆಯುವ ಧೈರ್ಯ ಅದಕ್ಕಿರಲಿಲ್ಲ. ಹೀಗೆ ಮೂರು ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಮರಿಗೆ ತಾನು ಯಾರ ಪೈಕಿ ಎಂಬುದು ನಿಶ್ಚಯವಾಗಿಬಿಡುತ್ತಿತ್ತು.

ಒಂದು ಕಕ್ಕಡ ಮಾಸ. ಆಟಿಯ ಮಳೆ ಹೇಗಿರುತ್ತದೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಸಂಜೆ ದನಗಳು ಬಂದವು, ತುಂಬು ಗಬ್ಬದ ಕೆಂದ ಹಸು ಬರಲಿಲ್ಲ. ಕರಿಯನೂ ಬರಲಿಲ್ಲ. ಅಪ್ಪ ಮತ್ತು ತಾತ ಗೊರಬೆ ಹೊದ್ದು ಲಾಟೀನು ಹಿಡಿದು ಹೋದರು. ಹಳ್ಳ ತುಂಬಿತ್ತು, ದಾಟಲಾಗದೆ ಹಿಂತಿರುಗಿದರು. ರಾತ್ರಿಯೆಲ್ಲ ಮಳೆಯ ಸದ್ದಿನ ನಡುವೆ ಎಲ್ಲೋ ದೂರದಲ್ಲಿ ನಾಯಿ ಬೊಗಳುತ್ತಿದ್ದುದು ಕೇಳಿದಂತಾಗುತ್ತಿತ್ತು; ಒಮ್ಮೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅವ್ವ ದೀಪದ ಮುಂದೆ ನಿಂತು ಅಯ್ಯಪ್ಪನಿಗೆ ಹರಕೆ ಹೇಳಿಕೊಂಡಳು.

ಬೆಳಿಗ್ಗೆ ಹೋಗಿ ನೋಡಿದರೆ ಹಸು ಒಂದು ಮರದ ಬುಡದಲ್ಲಿ ಕರು ಹಾಕಿ ನಿಂತಿತ್ತು. ಕರಿಯ ಸ್ವಲ್ಪ ದೂರದಲ್ಲಿ, ಅವುಗಳಿಗೆ ಬೆನ್ನು ಹಾಕಿ, ಕಾಡಿನ ಕಡೆ ಮುಖ ಮಾಡಿ ಕೂತಿತ್ತು. ಕೆಸರಿನಲ್ಲಿ ಚಿರತೆಯ ಹೆಜ್ಜೆ ಅರ್ಧ ಸುತ್ತು ಬಂದು ಹಾಗೆಯೇ ಹಳ್ಳದ ಕಡೆ ಇಳಿದುಹೋಗಿತ್ತು. ಕಾದಾಟ ನಡೆದ ಗುರುತು ಎಲ್ಲೂ ಇರಲಿಲ್ಲ. ನಾಯಿಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಅದರ ಗಂಟಲು ಮಾತ್ರ ಕೂತುಹೋಗಿತ್ತು. ಎರಡು ದಿನ ಬೊಗಳಲು ಬಾಯಿ ತೆರೆದರೆ ಗಾಳಿ ಬರುತ್ತಿತ್ತೇ ಹೊರತು ಸ್ವರ ಬರುತ್ತಿರಲಿಲ್ಲ. ನಾವು ಮಕ್ಕಳು ಅದನ್ನು ಕಂಡು ನಕ್ಕಿದ್ದೆವು.

ಮಳೆ ಇಳಿದ ಮೇಲೆ ಅವ್ವ ಹರಕೆ ಒಪ್ಪಿಸಲು ದೇವರಕಾಡಿಗೆ ಹೋದಳು. ಕೈಯಲ್ಲಿದ್ದುದು ಮಣ್ಣಿನ ನಾಯಿ. ಹೊರಗಿನ ಓದುಗರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಅನೇಕವು ಅಯ್ಯಪ್ಪನವು. ಈ ಅಯ್ಯಪ್ಪ ಬೇಟೆಗಾರ, ಕಾಡಿನ ಒಡೆಯ. ಅವನಿಗೆ ಸುಟ್ಟ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ನಾಪೋಕ್ಲು ಬಳಿಯ ಬೇತು ಗ್ರಾಮದ ಮಕ್ಕಿ ಶಾಸ್ತಾವಿನಲ್ಲಿ ನಾಯಿ ಹರಕೆ ಇಂದಿಗೂ ನಡೆಯುತ್ತದೆ. ‘ಉಳಿದದ್ದು ಹಸು. ಹಸುವಿನ ಗೊಂಬೆ ಕೊಡಬೇಕಲ್ಲ, ನಾಯಿ ಯಾಕೆ?’ ಎಂದು ನಾನು ಕೇಳಿದ್ದೆ. ‘ಉಳಿಸಿದವರು ಯಾರು?’ ಎಂದು ಅವ್ವ ತಿರುಗಿ ಕೇಳಿದಳು. ಅಷ್ಟಕ್ಕೆ ನನ್ನ ಪ್ರಶ್ನೆ ಮುಗಿದಿತ್ತು.

ಬಸ್ಸಿನಲ್ಲಿ ಇದೆಲ್ಲ ನೆನಪಾದಾಗ ಆ ಹುಡುಗನಿಗೆ ಏನಾದರೂ ಕೊಡಬೇಕೆನಿಸಿತು. ಮರುದಿನ ಇತಿಹಾಸದ ಪಾಠವನ್ನು ಬದಿಗಿಟ್ಟು ಆತಕೂರಿನ ಕಾಳಿಯ ಕಥೆ ಹೇಳಿದೆ. ಕ್ರಿ.ಶ. 949ರಲ್ಲಿ ತಕ್ಕೋಲಂ ಕದನ ನಡೆಯಿತು, ರಾಷ್ಟ್ರಕೂಟರ ಮೂರನೆಯ ಕೃಷ್ಣ ಗೆದ್ದ, ಚೋಳರ ರಾಜಾದಿತ್ಯ ಸತ್ತ, ಗಂಗರ ಇಮ್ಮಡಿ ಬೂತುಗ ಕೃಷ್ಣನ ಪಕ್ಷದಲ್ಲಿದ್ದ. ಇಷ್ಟನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಗಂಗರು ನಮಗೆ ದೂರದವರೇನಲ್ಲ. ಅವರ ಕಾಲದ ಶಾಸನಗಳು ಕೊಡಗಿನಲ್ಲೂ ಸಿಕ್ಕಿವೆ. ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟವೇ ಕೊಡಗಿನ ಶಾಸನಗಳದು. ಆದರೆ ಆ ಕದನದ ಕಥೆಗೆ ಅಂಟಿಕೊಂಡಿದ್ದ ನಾಯಿಯ ಮಾತನ್ನು ನಾನು ತರಗತಿಯಲ್ಲಿ ಎತ್ತಿರಲೇ ಇಲ್ಲ.

ಬೂತುಗನ ಕಡೆಯ ವೀರ ಮಣಲೇರ ಆ ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಕೃಷ್ಣ ಮೆಚ್ಚಿ, ಬೇಕಾದುದನ್ನು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ಬೆಟ್ಟದಲ್ಲಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಕಾದಾಡಿತು. ನಾಯಿ ಹಂದಿ ಎರಡೂ ಸತ್ತವು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಚಲ್ಲೇಶ್ವರ ಗುಡಿಯ ಮುಂದೆ, ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುಕೊಟ್ಟ. ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂಬ ಕಟ್ಟಳೆಯೂ ಆ ಶಾಸನದಲ್ಲಿದೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುತ್ತಿರುವ ಕೆತ್ತನೆಯಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಾಳಿ ಎಂಬ ಹೆಸರಿನ ಆ ನಾಯಿಗೂ ನಮ್ಮ ಕರಿಯನಿಗೂ ನಡುವೆ ಸಾವಿರ ವರ್ಷ ಕಳೆದಿದೆ. ಹೆಸರಿಡುವ ಬುದ್ಧಿ ಮಾತ್ರ ಅಷ್ಟೇನೂ ಬದಲಾದಂತೆ ಕಾಣುವುದಿಲ್ಲ.

ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳಿದರು. ನಮ್ಮ ದನದ ನಾಯಿಯ ಹುಡುಗ ಮಾತ್ರ ಯೋಚಿಸುತ್ತಿದ್ದ. ಕೊನೆಗೆ ಕೇಳಿದ: ‘ಟೀಚರ್, ಹಂದಿ ಓಡಿಹೋಗಿದ್ರೆ ಕಾಳಿಗೆ ಕಲ್ಲು ನಿಲ್ಲಿಸ್ತಿದ್ರಾ?’

ನಿಲ್ಲಿಸುತ್ತಿರಲಿಲ್ಲ. ಅವನ ಪ್ರಶ್ನೆಯಿಂದ ನಾನು ಇತಿಹಾಸವನ್ನು ಬೇರೆ ಕಡೆಯಿಂದ ನೋಡುವಂತಾಯಿತು. ಕರ್ನಾಟಕದ ಊರೂರಿನಲ್ಲಿ ವೀರಗಲ್ಲುಗಳಿವೆ. ಅವುಗಳಲ್ಲಿ ತುರುಗೋಳಿನವು, ಎಂದರೆ ದನಗಳನ್ನು ಹಿಡಿದುಕೊಂಡು ಹೋಗಲು ಬಂದವರೊಡನೆ ಹೋರಾಡಿ ಮಡಿದವರವು, ನೂರಾರು. ಯಾರ ಕಾವಲಿನಲ್ಲಿ ಕಳ್ಳರು ಹತ್ತಿರವೇ ಸುಳಿಯಲಿಲ್ಲವೋ ಆ ತುರುಗಾಹಿಗೆ ಕಲ್ಲಿಲ್ಲ. ನಮ್ಮ ಕೊಡಗಿನಲ್ಲೂ ಹೀಗೆಯೇ. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಹಿಂದೆ ಹುಲಿ ಕೊಂದವನಿಗೆ ‘ನರಿ ಮಂಗಲ’ ಮಾಡುತ್ತಿದ್ದರು. ಸತ್ತ ಹುಲಿಯ ಪಕ್ಕದಲ್ಲಿ ಅವನನ್ನು ಮದುಮಗನಂತೆ ಕೂರಿಸಿ, ಅಕ್ಕಿ ಹಾಕಿ ಹರಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಅದಕ್ಕೆಲ್ಲ ಎಡೆಯಿಲ್ಲ, ಇರಕೂಡದು ಕೂಡ. ಊರ ಬೇಟೆಯಲ್ಲಿ ನಾಯಿಗೂ ಒಂದು ಪಾಲು ಮಾಂಸ ಎತ್ತಿಡುತ್ತಿದ್ದರೆಂದು ಅಜ್ಜ ಹೇಳುತ್ತಿದ್ದರು. ಬೇಟೆಯಾಡಿದ ನಾಯಿಗೆ ಪಾಲುಂಟು, ಕಾದಾಡಿ ಸತ್ತ ನಾಯಿಗೆ ಕಲ್ಲುಂಟು. ಆದರೆ ರಾತ್ರಿಯಿಡೀ ಮಳೆಯಲ್ಲಿ ಕೂತು, ಬರಬೇಕಾಗಿದ್ದ ಕೇಡು ಬಾರದಂತೆ ಮಾಡಿದ ನಾಯಿಯ ಲೆಕ್ಕವನ್ನು ಎಲ್ಲಿ ಬರೆಯುವುದು? ನಡೆಯದೆ ಹೋದ ಸಂಗತಿಗೆ ಇತಿಹಾಸದಲ್ಲಿ ಇಸವಿಯಿಲ್ಲ.

ಉತ್ತರ ಕರ್ನಾಟಕದ ಕುರುಬರು ಈ ನಾಯಿಯ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು. ಕುರಿಹಿಂಡು ಬಯಲಿನಲ್ಲಿ ತಂಗುವಾಗ ತೋಳನ ಭಯ ಇದ್ದೇ ಇರುತ್ತದೆ. ಹಿಂಡಿನ ಜೊತೆ ನಾಯಿಯೂ ಇರುತ್ತದೆ. ಅವರ ದೇವರು ಮೈಲಾರಲಿಂಗನ ಜೊತೆಗೂ ನಾಯಿ ಉಂಟು. ರಾಣೆಬೆನ್ನೂರು ಬಳಿಯ ದೇವರಗುಡ್ಡದಲ್ಲಿ ಕರಿ ಕಂಬಳಿಯ ಗೊರವಯ್ಯಗಳು ತಾವೇ ದೇವರ ನಾಯಿಗಳೆಂದು ಬೊಗಳುತ್ತಾ, ದೋಣಿಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಕುರಿಯೇ ಬದುಕಾಗಿದ್ದವರು ದೇವರ ಮುಂದೆ ತಾವು ಏನಾಗಬೇಕೆಂದು ಯೋಚಿಸಿ ನಾಯಿಯನ್ನು ಆರಿಸಿಕೊಂಡರಲ್ಲ, ಅದರಲ್ಲಿ ನನಗೆ ವಿಚಿತ್ರವೇನೂ ಕಾಣುವುದಿಲ್ಲ.

ಹಿಂಡು ಕಾಯುವ ನಾಯಿಗಳ ವಿಷಯವನ್ನು ಓದುತ್ತಾ ಹೋದಂತೆ ನನಗೆ ತಾತನ ಮಾತೇ ಮತ್ತೆ ಮತ್ತೆ ಎದುರಾಯಿತು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಬರಹಗಾರ ಕೊಲುಮೆಲ್ಲ, ಬೇಸಾಯದ ಬಗ್ಗೆ ಬರೆಯುವಾಗ, ಮನೆ ಕಾಯುವ ನಾಯಿ ಕಪ್ಪಗಿರಲಿ, ಕುರಿ ಕಾಯುವ ನಾಯಿ ಬೆಳ್ಳಗಿರಲಿ ಎನ್ನುತ್ತಾನೆ. ಕಪ್ಪು ನಾಯಿಗೆ ಕಳ್ಳ ಹೆದರುತ್ತಾನೆ. ಬಿಳಿಯ ನಾಯಿಯಾದರೆ ಮಬ್ಬು ಬೆಳಕಿನಲ್ಲಿ ಕುರುಬ ತೋಳವೆಂದು ಭ್ರಮಿಸಿ ಅದಕ್ಕೇ ಹೊಡೆಯುವುದಿಲ್ಲ. ಇಟಲಿಯ ಮರೆಮ್ಮಾ ನಾಯಿ ಇಂದಿಗೂ ಬಿಳಿಯದೇ. ತುರ್ಕಿಯ ಕಂಗಾಲ್, ಫ್ರಾನ್ಸ್ ಮತ್ತು ಸ್ಪೇನಿನ ನಡುವಣ ಪಿರನೀಸ್ ಪರ್ವತದ ನಾಯಿ, ನಮ್ಮದೇ ಹಿಮಾಚಲದ ಗದ್ದಿ ನಾಯಿ, ಇವೆಲ್ಲ ಇದೇ ಕಸುಬಿನವು.

ಅಮೆರಿಕದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿಗಳು 1970ರ ದಶಕದ ಕೊನೆಯಿಂದ ಹ್ಯಾಂಪ್‌ಷೈರ್ ಕಾಲೇಜಿನಲ್ಲಿ ಇಂಥ ನಾಯಿಗಳನ್ನು ಸಾಕಿ, ರೈತರಿಗೆ ಕೊಟ್ಟು, ಅವುಗಳ ನಡತೆಯನ್ನು ಬಹು ವರ್ಷ ಅಭ್ಯಾಸ ಮಾಡಿದರು. ಒಳ್ಳೆಯ ಕಾವಲು ನಾಯಿಗೆ ಮೂರು ಗುಣ ಬೇಕೆಂದು ಅವರು ಕಂಡುಕೊಂಡರು: ಹಿಂಡನ್ನು ಬಿಟ್ಟು ಹೋಗದಿರುವುದು, ಹಿಂಡಿಗೆ ತಾನು ಕೇಡು ಮಾಡದಿರುವುದು, ಹೊರಗಿನಿಂದ ಬಂದುದನ್ನು ತಡೆಯುವುದು. ಕ್ರಮವನ್ನು ಗಮನಿಸಬೇಕು. ಕಾದಾಟ ಎಲ್ಲಕ್ಕಿಂತ ಹಿಂದೆ. ಜೊತೆಯಲ್ಲಿರುವುದೇ ಮೊದಲು. ಈ ಗುಣಗಳಿಗೆ ರಕ್ತ ಎಷ್ಟು ಮುಖ್ಯವೋ, ಹುಟ್ಟಿದ ಮೊದಲ ನಾಲ್ಕು ತಿಂಗಳೊಳಗೆ ಮರಿ ಯಾರ ಜೊತೆ ಬೆಳೆಯುತ್ತದೆ ಎಂಬುದೂ ಅಷ್ಟೇ ಮುಖ್ಯವೆಂದು ಅವರು ತೋರಿಸಿದರು. ಕುರಿಗಳ ನಡುವೆ ಬೆಳೆದ ಮರಿಗೆ ಕುರಿಗಳೇ ಒಡಹುಟ್ಟಿದವರು. ಗೋಣಿಚೀಲವನ್ನು ಕೊಟ್ಟಿಗೆಯಲ್ಲಿ ಹಾಸಿದ ತಾತ ಯಾವ ಕಾಲೇಜಿಗೂ ಹೋದವರಲ್ಲ.

ಇಂಥ ನಾಯಿ ತೋಳವನ್ನೋ ಚಿರತೆಯನ್ನೋ ಕೊಲ್ಲುವುದು ಅಪರೂಪ. ಅದು ಬೊಗಳುತ್ತದೆ, ಅಡ್ಡ ನಿಲ್ಲುತ್ತದೆ, ಅಲ್ಲಿ ಇಲ್ಲಿ ಮೂತ್ರ ಹೊಯ್ದು ಗಡಿ ಹಾಕುತ್ತದೆ. ಹೊಂಚು ಹಾಕಿ ಬಂದ ಪ್ರಾಣಿಗೆ ತನ್ನ ಗುಟ್ಟು ರಟ್ಟಾಯಿತೆಂದು ತಿಳಿದರೆ, ಎಷ್ಟೋ ಸಲ ಅದು ಬೇರೆ ದಾರಿ ನೋಡಿಕೊಳ್ಳುತ್ತದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂದು ನಾವು ಹೀಯಾಳಿಸುತ್ತೇವೆ. ಕಚ್ಚುವ ಪ್ರಮೇಯವೇ ಬಾರದಂತೆ ಬೊಗಳುವುದು ಅದರ ಕೆಲಸ. ಆಫ್ರಿಕದ ನಮೀಬಿಯಾದಲ್ಲಿ 1994ರಿಂದ ಚೀತಾ ಸಂರಕ್ಷಣೆಯವರು ರೈತರಿಗೆ ತುರ್ಕಿ ಮೂಲದ ಕಾವಲು ನಾಯಿಗಳನ್ನು ಕೊಡುತ್ತಾ ಬಂದಿದ್ದಾರೆ. ಆಡು ಕುರಿ ಉಳಿದರೆ ರೈತ ಕೋವಿ ಎತ್ತುವುದಿಲ್ಲ. ಕೋವಿ ಎತ್ತದಿದ್ದರೆ ಚೀತಾ ಉಳಿಯುತ್ತದೆ. ಆ ನಾಯಿಯಿಂದ ಎರಡು ಕಡೆಯವರಿಗೂ ಉಪಕಾರ.

ಇಷ್ಟೆಲ್ಲ ಬರೆದ ಮೇಲೆ ನಾನು ಮುಚ್ಚಿಡಬಾರದ ಸಂಗತಿಯೊಂದಿದೆ. ಅದು ಮೂರನೆಯ ಕರಿಯನದು.

ನಮ್ಮ ಕಡೆ ದನಗಳು ಒಮ್ಮೆಲೇ ಹೋದದ್ದಲ್ಲ. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಆಂಗ್ಲರು ತೋಟ ಮಾಡಿದಂದಿನಿಂದ ಕೊಡಗಿನ ಗುಡ್ಡಗಳಿಗೆ ಕಾಫಿ ಹತ್ತತೊಡಗಿತು. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಇದ್ದ ಬಾಣೆಗಳೂ ಕಾಲಕ್ರಮದಲ್ಲಿ ತೋಟಗಳಾದವು. ಕಾಫಿಗಿಡದ ನಡುವೆ ದನ ಬಿಡುವಂತಿಲ್ಲ. ಗೊಬ್ಬರ ಚೀಲದಲ್ಲಿ ಬರತೊಡಗಿತು, ಉಳುಮೆಗೆ ಟಿಲ್ಲರ್ ಬಂತು, ಗದ್ದೆಗಳೂ ಪಾಳು ಬಿದ್ದವು. ತಾತ ತೀರಿಕೊಂಡ ಮೇಲೆ ಮೇಯಿಸುವವರು ಸಿಗಲಿಲ್ಲ. ದನಗಳು ಹೋದವು, ನಾಯಿಗಳು ಉಳಿದವು. ಅವುಗಳ ಕೆಲಸ ಏನೆಂದು ಯಾರೂ ಕೇಳಲಿಲ್ಲ. ತೋಟದ ಬಂಗಲೆಗಳ ನಾಯಿಗಳಂತೆ ಅವೂ ಕತ್ತಿಗೆ ಬೆಲ್ಟು, ಬೆಲ್ಟಿಗೆ ಸರಪಳಿ ಎಂದಾದವು.

ಮೂರನೆಯ ಕರಿಯನನ್ನು ನಾನು ತವರಿನ ಕೊಟ್ಟಿಗೆಯಿಂದ ನಮ್ಮ ಮನೆಗೆ ತಂದಿದ್ದೆ. ಆಗ ನಮ್ಮಲ್ಲೂ ಎರಡು ಹಸುಗಳಿದ್ದವು. 2006ರಲ್ಲಿ ಅವನ್ನು ಮಾರಿದೆವು. ಮಾರಿದ ಮೇಲೂ ಕರಿಯ ರಾತ್ರಿ ಮೂರು ನಾಲ್ಕು ಸಲ ಎದ್ದು ಖಾಲಿ ಕೊಟ್ಟಿಗೆಯನ್ನು ಒಂದು ಸುತ್ತು ಹಾಕಿ, ಒಳಗೆ ಮೂಸಿ ನೋಡಿ, ಬಾಗಿಲಲ್ಲಿ ಮಲಗುತ್ತಿತ್ತು. ಹಗಲು ಮಾತ್ರ ದಾರಿಯಲ್ಲಿ ಹೋಗುವವರನ್ನೆಲ್ಲ ಬೊಗಳಿ ಅಟ್ಟಿಕೊಂಡು ಹೋಗಲು ಶುರು ಮಾಡಿತು. ಪಾಠ ಹೇಳಿಸಿಕೊಳ್ಳಲು ಬರುವ ಮಕ್ಕಳು ಹೆದರಿದರು. ನೆರೆಯವರು ಒಂದು ಮಾತು ಅಂದರು. ನಾನೇ ಗೋಣಿಕೊಪ್ಪದ ಸಂತೆಯಿಂದ ಗಟ್ಟಿ ಸರಪಳಿ ತಂದು ಅಂಗಳದ ಕಂಬಕ್ಕೆ ಕಟ್ಟಿಸಿದೆ. ‘ಕೆಲಸವಿಲ್ಲದ ನಾಯಿ, ಇರಲಿ ಅಲ್ಲೇ’ ಎಂದು ಹೇಳಿದ್ದೂ ನಾನೇ.

2009ರ ಮಳೆಗಾಲದ ಒಂದು ರಾತ್ರಿ ಕರಿಯ ಬೊಗಳಿತು. ದಿನವೂ ಬೊಗಳುತ್ತದೆಂದು ಯಾರೂ ಏಳಲಿಲ್ಲ. ಆಮೇಲೆ ಸರಪಳಿ ಕಂಬಕ್ಕೆ ಬಡಿದ ಸದ್ದು ಎರಡು ಸಲ ಕೇಳಿತು. ದೀಪ ಹಾಕಿ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿರತೆ ಅದನ್ನು ಒಯ್ಯಲೂ ಆಗಿರಲಿಲ್ಲ, ಸರಪಳಿ ಅಷ್ಟು ಗಟ್ಟಿಯಾಗಿತ್ತು. ಹಿಮಾಲಯದ ಗದ್ದಿಗಳು ತಮ್ಮ ನಾಯಿಗಳ ಕತ್ತಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಚಿರತೆ ಮೊದಲು ಹಿಡಿಯುವುದು ಕತ್ತನ್ನು. ಆ ಮುಳ್ಳು ಅದನ್ನು ತಡೆಯುತ್ತದೆ. ಇದನ್ನು ನಾನು ಓದಿದ್ದು ಬಹಳ ತಡವಾಗಿ. ಕತ್ತಿಗೆ ಕಬ್ಬಿಣ ಕಟ್ಟಿದವಳು ನಾನೂ ಹೌದು.

ದನ ಕಾಯುವ ನಾಯಿ ಇದ್ದರೆ ಕಾಡಂಚಿನ ಕಷ್ಟವೆಲ್ಲ ತೀರುತ್ತದೆಂದು ನಾನು ಹೇಳುವುದಿಲ್ಲ. 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ನಾಗರಹೊಳೆಯ ಅಂಚಿನಲ್ಲಿ ಹುಲಿಯ ವಿಷಯವೇ ಬೇರೆ. 2021ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ದಕ್ಷಿಣ ಕೊಡಗಿನಲ್ಲಿ ಹುಲಿಗೆ ದನಗಳಷ್ಟೇ ಅಲ್ಲ, ಮಕ್ಕಳೂ ಹೆಂಗಸರೂ ಬಲಿಯಾದುದನ್ನು ನಾವು ಕಂಡೆವು. ಹುಲಿಯ ಮುಂದೆ ಊರ ನಾಯಿ ಏನು ತಾನೇ ಮಾಡೀತು? ಹಿಂಡಿಲ್ಲದೆ, ಹೇಳುವವರಿಲ್ಲದೆ ಅಲೆಯುವ ನಾಯಿ ಚಿರತೆಯನ್ನು ಅಂಗಳದವರೆಗೂ ಕರೆತರುತ್ತದೆ. ಆನೆಯನ್ನು ಕೆಣಕಿ, ಅದು ತಿರುಗಿ ಬಿದ್ದಾಗ ಯಜಮಾನನ ಕಾಲಬುಡಕ್ಕೇ ಓಡಿಬರುವುದೂ ಉಂಟು. ಕಾವಲು ಎಂಬುದು ನಾಯಿಯ ಹಲ್ಲಿನಲ್ಲಿಲ್ಲ. ಅದು ನಾಯಿ, ದನ ಮತ್ತು ಜೊತೆಯಲ್ಲಿ ನಡೆಯುವ ಮನುಷ್ಯ, ಈ ಮೂವರ ನಡುವೆ ಇತ್ತು. ನಾವು ದನವನ್ನು ಮಾರಿದೆವು, ಮನುಷ್ಯ ತೀರಿಕೊಂಡರು, ಉಳಿದ ಒಂದನ್ನು ಕಟ್ಟಿಹಾಕಿ ‘ಕಾಯಿ’ ಎಂದೆವು.

ಆ ಹುಡುಗನ ಪ್ರಶ್ನೆ ಕೇಳಿಸಿಕೊಂಡ ವರ್ಷವೇ ನಾನು ಒಂದು ಮಣ್ಣಿನ ನಾಯಿ ಕೊಂಡು ತವರಿನ ದೇವರಕಾಡಿಗೆ ಹೋದೆ. ಅಣ್ಣ ಜೊತೆಗೆ ಬಂದಿದ್ದ. ‘ಏನು ಹರಕೆ?’ ಎಂದ. ಹರಕೆ ಏನೂ ಇರಲಿಲ್ಲ. ‘ಹಳೇ ಬಾಕಿ’ ಎಂದೆ. ಅವನು ಮತ್ತೆ ಕೇಳಲಿಲ್ಲ. ಅಲ್ಲಿ ಮರದ ಬುಡದಲ್ಲಿ ಎಷ್ಟು ತಲೆಮಾರಿನ ನಾಯಿಗಳಿದ್ದವೋ! ಕೆಲವಕ್ಕೆ ಕಿವಿಯಿಲ್ಲ, ಕೆಲವಕ್ಕೆ ಕಾಲಿಲ್ಲ, ಪಾಚಿ ಹಿಡಿದು ಹಸುರಾದವು ಕೆಲವು, ಬೇರಿನ ಕೆಳಗೆ ಅರ್ಧ ಹೂತುಹೋದವು ಕೆಲವು. ಆತಕೂರಿನ ಕಾಳಿಯ ಹಾಗೆ ಇವು ಸಾವಿರ ವರ್ಷ ನಿಲ್ಲುವಂಥವಲ್ಲ. ಅವ್ವ ಇಟ್ಟದ್ದು ಯಾವುದೆಂದು ಹುಡುಕಿದೆ, ಗುರುತು ಸಿಗಲಿಲ್ಲ. ನನ್ನದನ್ನು ಅವುಗಳ ಪಕ್ಕದಲ್ಲಿ, ಮುಖ ಕಾಡಿನ ಕಡೆಗೆ ಬರುವಂತೆ ಇಟ್ಟು ಬಂದೆ.

ಕಳೆದ ಬೇಸಿಗೆಯಲ್ಲಿ ಅಣ್ಣ ಮತ್ತೆ ಎರಡು ಹಸು ಕಟ್ಟಿದ್ದಾನೆ. ಒಂದು ಕಪ್ಪು ಮರಿಯೂ ಬಂದಿದೆ. ಅವನ ಮೊಮ್ಮಗಳು ಅದನ್ನು ಎತ್ತಿಕೊಂಡು ಒಳಗೆ ಬಂದಾಗ ನಾನು ಅಲ್ಲೇ ಇದ್ದೆ. ಬೈಯಲು ಬಾಯಿ ಬರಲಿಲ್ಲ. ಒಂದು ಹಳೆಯ ಗೋಣಿಚೀಲ ಹುಡುಕಿಕೊಂಡು, ಅವಳನ್ನೂ ಮರಿಯನ್ನೂ ಕರೆದುಕೊಂಡು ಕೊಟ್ಟಿಗೆಗೆ ಹೋದೆ.